ರೀಲಿನ ತುದಿ

ಎಲ್ಲ ಮುಗಿದು, ನೆಂಟರು ಬಂದ ದಾರಿ ಹಿಡಿದ ಮರುದಿನ ಬೆಳಗ್ಗೆ ಅವಳು ಟೀ ಮಾಡಿದಳು. ಒಂದು ಲೋಟ ತನಗೆ, ಒಂದು ಅತ್ತೆಗೆ. ಮೂರನೆಯದನ್ನು ಕೈ ತಾನಾಗಿಯೇ ಎತ್ತಿಕೊಂಡಿತ್ತು. ಅದನ್ನು ಮತ್ತೆ ಸ್ಟ್ಯಾಂಡಿನಲ್ಲಿ ಬೋರಲು ಹಾಕಿದಳು.

ಅಳು ಬರಲಿಲ್ಲ. ಐದು ದಿನದಿಂದಲೂ ಬಂದಿರಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತ ಗಂಡ ಮತ್ತೆ ಏಳಲಿಲ್ಲ. ಅವನಿಗಿನ್ನೂ ಮೂವತ್ತನಾಲ್ಕು ವರ್ಷ. ಬಂದವರೆಲ್ಲ ಅವಳ ಮುಖ ನೋಡಿ, ಗಟ್ಟಿಗಿತ್ತಿ ಎಂದು ಹೇಳಿ ಹೋದರು. ಗಟ್ಟಿಯಲ್ಲ, ಮರಗಟ್ಟಿದ್ದು ಎಂದು ಅವಳಿಗೆ ಮಾತ್ರ ಗೊತ್ತಿತ್ತು.

ಟೀ ಆರುವ ಮುಂಚೆ ಫೋನ್ ಬಂತು. ಗಂಡನ ಫೋನು. ಕಿಟಕಿಯ ಕಟ್ಟೆಯ ಮೇಲೆ ಇನ್ನೂ ಚಾರ್ಜ್ ಆಗುತ್ತಿತ್ತು.

"ನಮಸ್ಕಾರ. ಜ್ವಾಲಾಮುಖಿ ಟ್ರಿಪ್ಪಿನ ಗೈಡ್ ಮಾತಾಡ್ತಿರೋದು" ಎಂದಿತು ಒಂದು ಗಂಡು ದನಿ, ಅವಸರವಿಲ್ಲದೆ. "ನಿಮ್ಮಿಬ್ಬರ ಬೂಟಿನ ಅಳತೆ ಬೇಕಿತ್ತು."

"ಯಾವ ಟ್ರಿಪ್ಪು?"

"ನೀವು ಅವರ ಮನೆಯವರಾ? ಹಾಗಾದ್ರೆ ನಾನು ಕೆಟ್ಟೆ. ನಿಮಗೆ ಗೊತ್ತಾಗಬಾರದು ಅಂತ ಮೂರು ಸಲ ಹೇಳಿದ್ರು. ಸರಿ, ಬಾಯಿ ಬಿಟ್ಟಾಯ್ತು. ಇನ್ನು ಏಳು ವಾರ ಇದೆ. ನಾಲ್ಕು ದಿನದ ಫೋಟೋ ಟ್ರಿಪ್ಪು. ಅಲ್ಲಿ ಲಾವಾ ಹರಿದು ಕಲ್ಲಾಗಿದೆ, ಮಾಮೂಲಿ ಶೂ ಎರಡು ದಿನಕ್ಕೆ ಚಿಂದಿ. ಅದಕ್ಕೇ ಬೂಟು ನಾನೇ ಕೊಡೋದು."

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

"ಐದು" ಎಂದಳು ಅವಳು.

"ಅವರದ್ದು?"

"ಒಂಬತ್ತು."

"ಐದು, ಒಂಬತ್ತು. ಬರ್ಕೊಂಡೆ. ಅವರನ್ನ ಕೇಳಿದೆ ಅಂತ ಹೇಳಿ."

ಫೋನ್ ಇಟ್ಟ ಮೇಲೆ ಯೋಚಿಸಿದಳು. ಒಂಬತ್ತು ಎಂದಿದ್ದು ಸುಳ್ಳೇನೂ ಅಲ್ಲ. ಅವನ ಕಾಲಿನ ಅಳತೆ ಒಂಬತ್ತೇ.

"ಯಾರೇ ಅದು?" ಎಂದರು ಅತ್ತೆ ಒಳಗಿನಿಂದ.

"ಬೂಟಿನ ಅಳತೆ ಕೇಳಿದ್ರು ಅತ್ತೆ."

ಅತ್ತೆ ಬಾಗಿಲಿಗೆ ಬಂದು ಅವಳನ್ನೇ ನೋಡಿದರು. ಐದು ದಿನದಲ್ಲಿ ಬೇಡದ್ದೆಲ್ಲ ಕೇಳಿಸಿಕೊಂಡಿದ್ದ ಕಿವಿಗೆ ಇದೊಂದು ಮಾತು ಹೊಸದಾಗಿತ್ತು.

*

ಕ್ಯಾಮೆರಾ ಸಿಕ್ಕಿದ್ದು ಆ ವಾರದ ಕೊನೆಗೆ, ಅವನ ಶರಟುಗಳ ಹಿಂದೆ. ರೀಲು ಹಾಕುವ ಹಳೆಯ ಕ್ಯಾಮೆರಾ. ಎರಡು ತಿಂಗಳಿಂದ ಅದನ್ನು ಕೊರಳಿಗೆ ಹಾಕಿಕೊಂಡು ಮನೆಯೆಲ್ಲ ತಿರುಗುತ್ತಿದ್ದ. ಎಲ್ಲಿಂದ ಬಂತು ಎಂದು ಅವಳು ಕೇಳಿರಲಿಲ್ಲ. ಅವನು ಏನನ್ನಾದರೂ ಮನೆಗೆ ತರುವುದು ಹೊಸತೇ?

ಮೇಲಿನ ಪುಟ್ಟ ಕಿಂಡಿಯಲ್ಲಿ ಇಪ್ಪತ್ತೊಂಬತ್ತು ಎಂದು ತೋರಿಸುತ್ತಿತ್ತು. ಮೂವತ್ತಾರರಲ್ಲಿ ಇನ್ನು ಏಳು ಬಾಕಿ. ರೀಲು ಪೂರ್ತಿ ಮುಗಿಯುವವರೆಗೆ ತೊಳೆಸುವುದಿಲ್ಲ ಎಂದು ಅವನು ಹಟ ಹಿಡಿದಿದ್ದ.

"ಅದರಲ್ಲಿ ನಾನೂ ಇದ್ದೀನಿ" ಎಂದರು ಅತ್ತೆ. "ತಲೆ ಒರೆಸ್ಕೊಳ್ತಾ ಇದ್ದೆ, ಬೇಡ ಕಣೋ ಅಂದ್ರೂ ತೆಗೆದ. ನೀನು ಮೇಜಿನ ಮೇಲೆ ತಲೆ ಇಟ್ಟು ನಿದ್ದೆ ಮಾಡ್ತಿದ್ದೆ ನೋಡು, ಅದನ್ನೂ ತೆಗೆದಿದ್ದಾನೆ."

"ಎಲ್ಲದರಲ್ಲೂ ಬೆರಳು ಬಂದಿರುತ್ತೆ ಬಿಡಿ."

ಅದು ಮನೆಯಲ್ಲಿ ಹಳೆಯ ತಮಾಷೆ. ಫ್ರಿಜ್ಜಿನ ಮೇಲೆ ಅಂಟಿಸಿದ ಅವನ ಒಂದೊಂದು ಫೋಟೋದಲ್ಲೂ ಕೆಳಗಿನ ಎಡ ಮೂಲೆಯಲ್ಲಿ ಒಂದು ಗುಲಾಬಿ ಮಬ್ಬು. ಫೋನಿನಲ್ಲಿ ತೆಗೆದರೂ ಅಷ್ಟೆ, ಯಾರದೋ ಕ್ಯಾಮೆರಾದಲ್ಲಿ ತೆಗೆದರೂ ಅಷ್ಟೆ. 'ನಿನ್ನ ಬೆರಳು ಬರದ ಒಂದು ಫೋಟೋ ತೋರಿಸು, ನೀನು ಹೇಳಿದ ಹಾಗೆ ಕೇಳ್ತೀನಿ' ಎಂದು ಅವಳು ಪಂದ್ಯ ಕಟ್ಟಿದ್ದಳು. ಅವನು ಗೆದ್ದಿರಲಿಲ್ಲ.

"ಹೋಗಿ ಬಾ" ಎಂದರು ಅತ್ತೆ. "ಎರಡು ಸೀಟು ಹಿಡಿದಿದ್ದಾನೆ. ಒಂದಾದರೂ ತುಂಬಲಿ. ಉಳಿದ ಏಳು ಅಲ್ಲೇ ತೆಗಿ. ಆಮೇಲೆ ತೊಳೆಸಿ ತಾ. ಇಬ್ಬರೂ ಕೂತು ನೋಡೋಣ."

ಏಳನ್ನು ಇಲ್ಲೇ, ಈ ಅಡುಗೆಮನೆಯಲ್ಲೇ ತೆಗೆದು ಮುಗಿಸಬಹುದಿತ್ತು. ಆದರೆ ಅವು ಮುಗಿದು, ಆ ಇಪ್ಪತ್ತೊಂಬತ್ತನ್ನೂ ನೋಡಿಬಿಟ್ಟರೆ, ಅವನಿಂದ ಇನ್ನು ಹೊಸದಾಗಿ ಬರುವುದು ಏನೂ ಇರುವುದಿಲ್ಲ. ಪುಸ್ತಕಗಳ ಕೊನೆಗೆ ಬರುವ ಪದಸೂಚಿ ತಯಾರಿಸುವುದು ಅವಳ ಕೆಲಸ. ಯಾವ ಮಾತು ಯಾವ ಪುಟದಲ್ಲಿದೆ ಎಂದು ಹುಡುಕಿ ಬರೆಯುವವಳಿಗೆ, ಕೊನೆಯ ಪುಟ ಎಂದರೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

*

ಬೆಟ್ಟದ ಬುಡದ ತಂಗುಮನೆಯ ಮುಂದೆ ಬೂಟುಗಳನ್ನು ಸಾಲಾಗಿ ಇಟ್ಟಿದ್ದರು. ಆರು ಜೊತೆ.

ಗೈಡ್ ಎತ್ತರದ, ಸಣಕಲು ಆಳು. ಮೂವತ್ತೈದು, ಮೂವತ್ತಾರು ಇರಬಹುದು. ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅದರ ಮೇಲಿನಿಂದ ನೋಡುತ್ತಿದ್ದ. ಕೂದಲು, ಹುಬ್ಬು, ಕಾಲರು ಎಲ್ಲದರ ಮೇಲೂ ತೆಳ್ಳಗೆ ಬೂದಿ. ಅವಳದೇ ಊರಿನಲ್ಲಿ ಅವನದೊಂದು ಪುಟ್ಟ ಸ್ಟುಡಿಯೋ ಇತ್ತು. ವರ್ಷಕ್ಕೆ ನಾಲ್ಕು ಸಲ ಅದಕ್ಕೆ ಬೀಗ ಹಾಕಿ ಇಲ್ಲಿಗೆ ಬರುತ್ತಿದ್ದನಂತೆ.

"ನನಗೆ ಹೆಸರು ನೆನಪಿರಲ್ಲ" ಎಂದ ಅವನು ಎಲ್ಲರಿಗೂ. "ಬೂಟಿನ ನಂಬರ್ ನೆನಪಿರುತ್ತೆ. ನಾಲ್ಕು ದಿನ ನೀವೆಲ್ಲ ನಂಬರ್. ಬೇಜಾರಾಗಬಾರದು."

ಹೀಗೆ ಮೊಳದುದ್ದದ ಲೆನ್ಸ್ ತಂದಿದ್ದ ಹಲ್ಲಿನ ಡಾಕ್ಟರು 'ಹತ್ತು' ಆದರು. ರಿಟೈರಾದ ನರ್ಸಮ್ಮ 'ನಾಲ್ಕು' ಆದರು. ಇನ್ನಿಬ್ಬರು ಅಣ್ಣತಮ್ಮಂದಿರು ಇಬ್ಬರೂ ಎಂಟು. ಅವರನ್ನು 'ದೊಡ್ಡೆಂಟು, ಚಿಕ್ಕೆಂಟು' ಎಂದು ಕರೆದ.

"ಐದು ನೀವು. ಒಂಬತ್ತು ಎಲ್ಲಿ? ಇನ್ನೂ ಬಸ್ಸಲ್ಲೇ ನಿದ್ದೆನಾ?"

"ಅವರು ತೀರ್ಕೊಂಡ್ರು" ಎಂದಳು ಅವಳು. "ನೀವು ಫೋನ್ ಮಾಡೋ ಐದು ದಿನ ಮುಂಚೆ."

ಸಾಂತ್ವನದ ಮಾತು ಬರುತ್ತದೆ ಎಂದು ಕಾದಳು. ಎಲ್ಲರೂ ಆಡುವ ಮಾತುಗಳು ಅವಳಿಗೆ ಬಾಯಿಪಾಠವಾಗಿದ್ದವು. ಅವನು ಒಂದನ್ನೂ ಆಡಲಿಲ್ಲ. ಬಗ್ಗಿ ಒಂಬತ್ತನೆಯ ನಂಬರಿನ ಬೂಟನ್ನು ಎತ್ತಿದ. ಅದರ ಮೇಲೆ ಇಲ್ಲದ ಧೂಳನ್ನು ತೋಳಿನಿಂದ ಒರೆಸಿದ. ಲೇಸುಗಳನ್ನು ಒಂದಕ್ಕೊಂದು ಗಂಟು ಹಾಕಿ ತನ್ನ ಚೀಲಕ್ಕೆ ನೇತುಹಾಕಿಕೊಂಡ.

"ಅವರ ಸೀಟು ಅವರದ್ದೇ" ಎಂದ. "ಜೊತೆಗೆ ಬರಲಿ."

ಆಮೇಲೆ ಅವಳ ಕೊರಳಲ್ಲಿದ್ದ ಕ್ಯಾಮೆರಾ ನೋಡಿದ. ನೋಡಿದವನು ತಟ್ಟನೆ ನಿಂತ.

"ಇದು..."

"ಅವರದ್ದು" ಎಂದಳು. "ಇದರಲ್ಲಿ ಅವರು ತೆಗೆದ ಇಪ್ಪತ್ತೊಂಬತ್ತು ಫೋಟೋ ಇವೆ."

ಅವನು ಕನ್ನಡಕ ಮೇಲೆ ಸರಿಸಿಕೊಂಡ. "ಒಳ್ಳೆ ಕ್ಯಾಮೆರಾ" ಎಂದಷ್ಟೇ ಹೇಳಿ ಮುಂದೆ ನಡೆದ.

*

ಮೊದಲ ದಿನ ಕ್ಯಾಮೆರಾ ಚೀಲದಿಂದ ಹೊರಗೆ ಬರಕೂಡದು ಎಂಬುದು ಅವನ ಕಟ್ಟಳೆ. "ಇವತ್ತು ಕಾಲು ನೋಡಲಿ. ಕಣ್ಣಿನ ಸರದಿ ನಾಳೆ."

"ಅಷ್ಟು ದೂರದಿಂದ ಬಂದಿದ್ದು ಕಾಲು ತೋರಿಸೋಕಾ?" ಎಂದು ಹತ್ತು ಗೊಣಗಿದರು.

"ನಿಮ್ಮ ಹತ್ರ ಬಂದವರು ಬಾಯಿ ತೆರೆದ ತಕ್ಷಣ ಹಲ್ಲು ಕೀಳ್ತೀರಾ ಡಾಕ್ಟ್ರೇ? ಮೊದಲು ನೋಡ್ತೀರಿ ತಾನೇ?"

ನರ್ಸಮ್ಮ ಮುಸಿಮುಸಿ ನಕ್ಕರು.

ಕರಿಯ ಬಯಲು. ಎಲ್ಲೋ ದಪ್ಪ ಹಗ್ಗಗಳನ್ನು ಸುತ್ತಿ ಸುತ್ತಿ ಇಟ್ಟಂತೆ ಮಡಿಕೆ ಬಿದ್ದ ಕಲ್ಲು, ಇನ್ನೆಲ್ಲೋ ಒಡೆದ ಗಾಜಿನಂತೆ ಚೂಪು. ಕಾಲಿಟ್ಟಲ್ಲೆಲ್ಲ ಮಣ್ಣಿನ ಪಾತ್ರೆ ಒಡೆದ ಸದ್ದು. ದೂರದಲ್ಲಿ ಬೆಟ್ಟದ ಬಾಯಿಯಿಂದ ಬಿಳಿ ಹಬೆ ಏಳುತ್ತಿತ್ತು, ಯಾವ ಅವಸರವೂ ಇಲ್ಲದೆ.

ಒಂದು ಕಡೆ ಅವನು ಎಲ್ಲರನ್ನೂ ನಿಲ್ಲಿಸಿದ. ನೆಲದಲ್ಲಿ ಬಾವಿಯಂತೆ ದುಂಡಗಿನ ಒಂದು ತೂತು. "ಇಲ್ಲೊಂದು ಮರ ಇತ್ತು. ಲಾವಾ ಬಂದು ಸುತ್ತಲೂ ನಿಂತುಬಿಡ್ತು. ಮರ ಸುಟ್ಟು ಹೋಯ್ತು. ಆದರೆ ಅದು ಬೂದಿ ಆಗೋಷ್ಟರಲ್ಲಿ ಕಲ್ಲು ಗಟ್ಟಿಯಾಗಿತ್ತು. ಕೈ ಹಾಕಿ ನೋಡಿ."

ಅವಳು ಮೊಣಕಾಲೂರಿ ಮೊಣಕೈವರೆಗೆ ತೋಳು ಇಳಿಬಿಟ್ಟಳು. ಒಳಗೋಡೆಗೆ ತೊಗಟೆಯ ಗೀರುಗಳು. ಒಂದೊಂದು ಸೀಳೂ, ಒಂದೊಂದು ಗಂಟೂ. ಮರವಿಲ್ಲ, ಮರದ ಮೈ ಇದೆ.

ತಲೆ ಎತ್ತಿದಾಗ ಗೈಡ್ ಅವಳನ್ನೇ ನೋಡುತ್ತಿದ್ದ. ಕನ್ನಡಕದ ಮೇಲಿನಿಂದಲ್ಲ, ಗಾಜಿನ ಒಳಗಿನಿಂದ. ಸಿಕ್ಕಿಬಿದ್ದವನಂತೆ ಬೇರೆ ಕಡೆ ತಿರುಗಿದ.

ಆ ಸಂಜೆ ಬೂಟು ಬಿಚ್ಚಿದರೆ ಹೆಬ್ಬೆರಳಿಗೆ ಬೊಬ್ಬೆ ಎದ್ದಿತ್ತು. ನೋವಾಯಿತು. ಏಳು ವಾರದಲ್ಲಿ ಮೊದಲ ಸಲ ಎಲ್ಲೋ ಒಂದು ಕಡೆ ನೋವಾಯಿತು. ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡಳು.

*

ಎರಡನೆಯ ಬೆಳಗ್ಗೆ ಅದೇ ಮರದ ಅಚ್ಚಿನ ಹತ್ತಿರ ಮತ್ತೆ ಬಂದರು. ಸೂರ್ಯ ಆಗಷ್ಟೇ ಬೆಟ್ಟದ ಭುಜ ದಾಟಿದ್ದ. ಕರಿಕಲ್ಲಿನ ಅಂಚುಗಳಿಗೆಲ್ಲ ಯಾರೋ ತಾಮ್ರದ ಲೇಪ ಕೊಟ್ಟಂತಿತ್ತು.

ಅವಳು ಕ್ಯಾಮೆರಾ ಎತ್ತಿದಳು. ಆ ತೂತಿನ ಒಳಕ್ಕೆ ಬಿಸಿಲು ಇಳಿದ ಗಳಿಗೆ ನೋಡಿ ಒತ್ತಿದಳು. ಮೂವತ್ತು. ಹೆಬ್ಬೆರಳಿನಿಂದ ರೀಲನ್ನು ಮುಂದಕ್ಕೆ ತಳ್ಳಿದಳು.

ಗೈಡ್ ಎರಡು ಮಾರು ದೂರದಲ್ಲಿ ನಗುತ್ತಾ ಬರುತ್ತಿದ್ದ. ಅವನ ಕಣ್ಣು ಅವಳ ಕೈಯ ಮೇಲಿತ್ತು. ಅದು ಕ್ಯಾಮೆರಾದ ಎಡಗಡೆಗೆ ಸರಿಯಿತು. ನಗು ಹಾಗೇ ಆರಿತು.

"ಇನ್ನೆಷ್ಟು ಉಳಿದಿದೆ?"

"ಆರು."

"ಇವತ್ತಿಗೆ ಸಾಕು. ಬೆಳಕು ಸರಿಯಿಲ್ಲ" ಎಂದು ಅವನು ಬೇಗಬೇಗ ನಡೆದುಬಿಟ್ಟ.

"ಇದು ಸರಿಯಿಲ್ಲದ ಬೆಳಕಾ?" ಎಂದರು ಹತ್ತು, ಲೆನ್ಸಿನ ಹಿಂದಿನಿಂದ. "ಇಂಥ ಬೆಳಕಿಗೆ ನಾನು ಮನೆ ಮಠ ಬಿಟ್ಟು ಬಂದಿದ್ದೀನಿ. ಇವರಿಗೆ ಇದ್ದಕ್ಕಿದ್ದ ಹಾಗೆ ಏನಾಯ್ತು?"

ಅವಳಿಗೂ ಅದೇ ಪ್ರಶ್ನೆ. ಅವತ್ತಿಡೀ ಅವನು ಅವಳ ಹತ್ತಿರ ಸುಳಿಯಲಿಲ್ಲ. ಊಟಕ್ಕೆ ಅವಳ ಎದುರು ಕೂರಲಿಲ್ಲ. ಇಳಿಜಾರಿನಲ್ಲಿ ಎಲ್ಲರಿಗೂ ಕೈ ಕೊಟ್ಟವನು ಅವಳಿಗೆ ಮಾತ್ರ ಕೋಲು ಚಾಚಿದ. ಬೂಟುಗಳು ಅವನ ಬೆನ್ನ ಮೇಲೆ ಒಂದಕ್ಕೊಂದು ಬಡಿದುಕೊಳ್ಳುತ್ತಾ ಮುಂದೆ ಮುಂದೆ ಹೋದವು.

"ಗಂಡಸರಿಗೆ ಅನುಕಂಪ ತೋರಿಸೋಕೆ ಬರಲ್ಲಮ್ಮ" ಎಂದರು ನರ್ಸಮ್ಮ, ಪಕ್ಕದಲ್ಲಿ ಏದುತ್ತಾ. "ಮೂವತ್ತು ವರ್ಷ ವಾರ್ಡಲ್ಲಿ ನೋಡಿದ್ದೀನಿ. ಹೇಳೋ ಸುದ್ದಿ ಇದ್ದಾಗ್ಲೇ ಡಾಕ್ಟ್ರು ಕಾಲಿಗೆ ಬುದ್ಧಿ ಹೇಳೋದು."

ಅವಳು ನಿಂತಳು. ಹೇಳುವ ಸುದ್ದಿ?

*

ಮೂರನೆಯ ಬೆಳಗ್ಗೆ, ನೆಲದ ಬಿರುಕುಗಳಿಂದ ಹಬೆ ಬರುವ ಜಾಗ. ಗಂಧಕದ ವಾಸನೆ. ಕಲ್ಲುಗಳ ಮೇಲೆ ಹಳದಿ ಪುಡಿ. ಉಳಿದವರು ಹಬೆಯ ಸುತ್ತ ಕ್ಯಾಮೆರಾ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಅವನು ಒಂದು ಬೆಚ್ಚನೆಯ ಬಂಡೆಯ ಮೇಲೆ ಒಬ್ಬನೇ ಇದ್ದ. ಅವಳು ಕುಂಟುತ್ತಾ ಹೋಗಿ ಎದುರು ನಿಂತಳು.

"ನಿನ್ನೆ ಬೆಳಕು ಚೆನ್ನಾಗಿತ್ತು" ಎಂದಳು.

ಅವನು ತಲೆ ತಗ್ಗಿಸಿದ. "ಹೂಂ. ತುಂಬಾ ಚೆನ್ನಾಗಿತ್ತು."

"ಮತ್ತೆ?"

"ಬಿಸಿ ತುಪ್ಪ ಬಾಯಲ್ಲಿಟ್ಕೊಂಡ ಹಾಗಾಗಿದೆ ನನಗೆ. ಕೂತ್ಕೊಳ್ಳಿ ಐದು. ಎರಡು ವಿಷಯ ಹೇಳಬೇಕು. ಎರಡೂ ಒಳ್ಳೇದಲ್ಲ."

ಅವಳು ಕೂತಳು. ಬಂಡೆ ಒಳಗಿನಿಂದ ಬೆಚ್ಚಗಿತ್ತು.

"ಮೊದಲನೇದು. ಆ ಕ್ಯಾಮೆರಾ ನಂದು. ಟ್ರಿಪ್ಪಿಗೆ ಮುಂಚೆ ಕೈ ಪಳಗಲಿ ಅಂತ ನಿಮ್ಮವರು ಕೇಳಿದ್ರು. ಕೊಟ್ಟಿದ್ದೆ."

ಅವಳ ಕೈ ತಾನಾಗಿ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡಿತು. "ಅವತ್ತೇ ಯಾಕೆ ಹೇಳಲಿಲ್ಲ?"

"ಅವರದ್ದು ಅಂತ ಹೇಳಿದಾಗ ಅದನ್ನ ಹೀಗೇ ಹಿಡ್ಕೊಂಡಿದ್ರಿ. ಹೇಗೆ ಹೇಳಲಿ?"

ಹಬೆ ಒಮ್ಮೆ ಇಬ್ಬರ ನಡುವೆ ಹಾದು ಹೋಯಿತು.

"ಎರಡನೇದು. ಅದರೊಳಗೆ ರೀಲಿನ ತುದಿ ಸಿಕ್ಕಿಸೋ ಜಾಗ ಸವೆದಿದೆ. ತುದಿನ ಒಂದು ಬೆರಳಷ್ಟು ಮಡಚಿ ಹಾಕಬೇಕು. ಇಲ್ಲದಿದ್ರೆ ಎರಡು ಸುತ್ತು ಹೋಗಿ ಜಾರಿಬಿಡುತ್ತೆ. ಮೇಲೆ ನಂಬರ್ ಮಾತ್ರ ಓಡ್ತಾ ಇರುತ್ತೆ. ರೀಲು ಓಡ್ತಿದ್ರೆ ಈ ಎಡಗಡೆ ನಾಬ್ ಜೊತೆಗೇ ಸುತ್ತಬೇಕು. ನಿನ್ನೆ ನೀವು ಮುಂದಕ್ಕೆ ತಳ್ಳಿದಾಗ..."

"ಸುತ್ತಲಿಲ್ಲ."

"ಸುತ್ತಲಿಲ್ಲ."

ಪದಸೂಚಿ ಬರೆಯುವವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಅಂದ್ರೆ ಇಪ್ಪತ್ತೊಂಬತ್ತೂ..."

"ಒಂದೇ ಜಾಗದಲ್ಲಿ ಬಿದ್ದಿದೆ. ಒಂದರ ಮೇಲೊಂದು. ನಿಮ್ಮದೂ ಸೇರಿ ಮೂವತ್ತು. ತೊಳೆದ್ರೆ ಬರೀ ಬಿಳಿ ಬರುತ್ತೆ. ಅದಕ್ಕೇ ನಿನ್ನೆ ಸಾಕು ಅಂದೆ, ಇನ್ನಷ್ಟು ಬೀಳೋದು ಬೇಡ ಅಂತ." ಅವನು ಕನ್ನಡಕ ತೆಗೆದು ಕೈಯಲ್ಲಿಟ್ಟುಕೊಂಡ. "ತಪ್ಪು ಅವರದ್ದಲ್ಲ. ಕೊಡುವಾಗ ಹೇಳಬೇಕು ಅಂತಲೇ ಇದ್ದೆ. ಯಾರೋ ಪಾಸ್‌ಪೋರ್ಟ್ ಫೋಟೋಗೆ ಬಂದ್ರು. ಒಳಗೆ ಹೋಗಿ ಬರೋಷ್ಟರಲ್ಲಿ ಅವರು ಹೊರಟಿದ್ರು. ಒಂದು ಮಾತು. ಒಂದೇ ಒಂದು ಮಾತು ಮರೆತೆ."

ಮೊದಲು ಬಂದಿದ್ದು ಕೋಪ. ಎಷ್ಟೋ ದಿನದಿಂದ ಮುಚ್ಚಿದ್ದ ಕೋಣೆಗೆ ಬಂದ ಗಾಳಿಯಂತೆ ಬಂತು.

"ಮನೇಲಿ ಅತ್ತೆ ಕಾಯ್ತಿದ್ದಾರೆ" ಎಂದಳು. "ತಲೆ ಒರೆಸ್ಕೊಳ್ಳೋ ಫೋಟೋ ಬರುತ್ತೆ ಅಂತ ಕಾಯ್ತಿದ್ದಾರೆ. ನಾನು ಹೋಗಿ ಏನು ತೋರಿಸಲಿ? ನಿಮ್ಮ ಮರೆವು ತೋರಿಸಲಾ?"

"ತೋರಿಸಿ. ಬೇಕಿದ್ರೆ ನಾನೇ ಬಂದು ಹೇಳ್ತೀನಿ."

"ನಿನ್ನೆಯಿಂದ ಓಡಿ ಹೋಗ್ತಿದ್ದವರು ಮನೆಗೆ ಬರ್ತೀರಾ?"

"ಓಡಿದ್ದು ತಪ್ಪು. ಬರ್ತೀನಿ."

ಅವನು ಮುಖ ಮರೆಸಲಿಲ್ಲ. ಅವಳು ನೋಡಿದಷ್ಟು ಹೊತ್ತೂ ನೋಡಿಸಿಕೊಂಡ. ಸಮಾಧಾನದ ಮಾತಿಲ್ಲ, ನೆಪವಿಲ್ಲ. ಹುಬ್ಬಿನ ಮೇಲೆ ಬೂದಿ, ಅದರ ಕೆಳಗೆ ನಿದ್ದೆಯಿಲ್ಲದ ಎರಡು ಕಣ್ಣು.

ಆಮೇಲೆ, ಅವಳಿಗೇ ಗೊತ್ತಾಗದೆ, ತುಟಿ ಸಡಿಲವಾಯಿತು. ಎರಡು ತಿಂಗಳು. ಹೊಸ್ತಿಲಲ್ಲಿ, ಹಾಸಿಗೆಯ ತುದಿಯಲ್ಲಿ, ಮೇಜಿನ ಮೇಲೆ ಹತ್ತಿ, ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿ, ಉಸಿರು ಬಿಗಿ ಹಿಡಿದು ಎಷ್ಟು ಗಂಭೀರವಾಗಿ ತೆಗೆಯುತ್ತಿದ್ದ. ಎಲ್ಲವನ್ನೂ ಒಂದೇ ಜಾಗಕ್ಕೆ ತುಂಬಿದ್ದಾನೆ.

"ಅವರೇ" ಎಂದಳು ನಗುತ್ತಾ. "ಅವರದ್ದೇ ಕೆಲಸ ಇದು. ಬೀರುಗೂ ಹಾಗೇ ತುಂಬೋರು. ಬಾಗಿಲು ತೆಗೆದ್ರೆ ಎಲ್ಲಾ ಮೈ ಮೇಲೆ."

ದೂರದಿಂದ ಹತ್ತು ತಿರುಗಿ ನೋಡಿದರು. ಐದರ ನಗು ಅವರು ಕೇಳಿದ್ದು ಅದೇ ಮೊದಲು.

"ಉಳಿದ ರೀಲು?" ಎಂದು ಕೇಳಿದಳು ಸ್ವಲ್ಪ ಹೊತ್ತಿನ ಮೇಲೆ.

"ಒಂದು ಚುಕ್ಕಿ ಬೆಳಕೂ ನೋಡಿಲ್ಲ. ಅವರು ಹಾಕಿದ ಹಾಗೇ ಇದೆ."

ಅವಳು ಕ್ಯಾಮೆರಾವನ್ನು ಬಂಡೆಯ ಮೇಲಿಟ್ಟಳು. "ಹೇಳಿಕೊಡಿ."

ಅವನು ಮುಟ್ಟಲಿಲ್ಲ. ಹೇಳುತ್ತಾ ಹೋದ, ಅವಳು ಮಾಡುತ್ತಾ ಹೋದಳು. ನಾಬ್ ಹಿಂದಕ್ಕೆ ಎರಡೇ ಸುತ್ತು, ತೆಗೆದದ್ದು ಬೆಳಕು ತಾಗದೆ ಡಬ್ಬಿಯೊಳಗೆ ಹೋಗಲಿ. ಈಗ ಹಿಂಬದಿ ತೆರೆಯಿರಿ. ತುದಿ ಹಿಡಿದು ಎಳೆಯಿರಿ, ಮೆಲ್ಲಗೆ. ಒಂದು ಬೆರಳಷ್ಟು ಮಡಚಿ. ಉಗುರಿನಿಂದ ಗೆರೆ ಒತ್ತಿ. ಬೆರಳಷ್ಟು ಅಂದರೆ ನನ್ನ ಬೆರಳಲ್ಲ, ನಿಮ್ಮ ಬೆರಳು.

"ಬೆರಳಿಗೂ ನಂಬರ್ ಇದೆಯಾ ನಿಮ್ಮ ಹತ್ರ?"

"ಇನ್ನೂ ಇಲ್ಲ" ಎಂದ ಅವನು. ಹೇಳಿದ ಮೇಲೆ ಇಬ್ಬರೂ ರೀಲನ್ನೇ ನೋಡಿದರು.

ಲೆನ್ಸಿಗೆ ಮುಚ್ಚಳ ಹಾಕಿ ಐದು ಸಲ ಒತ್ತಲು ಹೇಳಿದ, ಅವರ ಜಾಗ ದಾಟಿ ಹೋಗಲಿ ಎಂದು. ಒಂದೊಂದು ಸಲಕ್ಕೂ ಎಡಗಡೆಯ ಪುಟ್ಟ ನಾಬ್ ಕಾಲುಭಾಗ ತಿರುಗಿತು. ಅದು ತಿರುಗುವುದನ್ನು ಅವಳು ಗಡಿಯಾರ ನೋಡುವ ಮಗುವಿನಂತೆ ನೋಡಿದಳು.

ನಾಲ್ಕನೆಯ ದಿನ ಅವಳು ಕ್ಯಾಮೆರಾ ಕೆಳಗಿಳಿಸಲಿಲ್ಲ. ಸಂಜೆ ಬಸ್ಸು ಹತ್ತುವಾಗ ಅವನು ಕೈ ಚಾಚಲಿಲ್ಲ, ಅವಳೂ ಕ್ಯಾಮೆರಾ ಬಿಚ್ಚಲಿಲ್ಲ.

"ರೀಲು ಮುಗಿದ ಮೇಲೆ" ಎಂದಳು.

"ನಿಧಾನವಾಗಿ ಮುಗಿಸಿ" ಎಂದ.

*

ಮುಗಿಯಲು ಮೂರು ವಾರ ಬೇಕಾಯಿತು. ಕೊನೆಯ ಹತ್ತನ್ನು ಮನೆಯಲ್ಲಿ ತೆಗೆದಳು. ತಲೆ ಒರೆಸಿಕೊಳ್ಳುವ ಅತ್ತೆಯನ್ನು ಹೊಸ್ತಿಲಿನಿಂದ ತೆಗೆದಳು. ಅವಳಿಂದ ವಿಷಯ ತಿಳಿದಿದ್ದ ಅತ್ತೆ ಈ ಸಲ ಬೇಡ ಎನ್ನಲಿಲ್ಲ. ಟವೆಲನ್ನು ಸ್ವಲ್ಪ ಓರೆಗೆ ಹಿಡಿದರು ಕೂಡ.

ಸ್ಟುಡಿಯೋ ಒಂದು ಗಲ್ಲಿಯ ಕೊನೆಯಲ್ಲಿತ್ತು. ಒಂದು ಕೌಂಟರು, ಪಾಸ್‌ಪೋರ್ಟ್ ಫೋಟೋಗೆ ಒಂದು ಸ್ಟೂಲು, ಹಿಂದೆ ಡಾರ್ಕ್‌ರೂಮಿನ ದಪ್ಪ ಪರದೆ. ರೀಲು ಕೊಟ್ಟು ಬಂದವಳು ಶನಿವಾರ ಮತ್ತೆ ಹೋದಳು. ಅವನು ಎಲ್ಲ ಚಿತ್ರಗಳನ್ನೂ ಚಿಕ್ಕ ಚಿಕ್ಕದಾಗಿ ಒಂದೇ ಹಾಳೆಯ ಮೇಲೆ ಹಾಕಿಟ್ಟಿದ್ದ. ಬೂದಿಯಿಲ್ಲದ ಅವನ ಹುಬ್ಬು ಕಪ್ಪಗಿದೆ ಎಂದು ಅವಳಿಗೆ ಅಲ್ಲಿ ಗೊತ್ತಾಯಿತು.

"ಚೆನ್ನಾಗಿ ತೆಗೆದಿದ್ದೀರಿ" ಎಂದ, ಹಾಳೆಯನ್ನು ಅವಳ ಕಡೆ ತಿರುಗಿಸಿ. "ಆದರೆ ಒಂದು ಅನುಮಾನ. ಜ್ವಾಲಾಮುಖಿ ಕಡಿಮೆ ಇದೆ. ನಾನು ಜಾಸ್ತಿ ಇದ್ದೀನಿ."

"ನೀವು ಅಡ್ಡ ಬಂದ್ರಿ."

"ಹನ್ನೊಂದು ಸಲ?"

"ಎಣಿಸಿದ್ರಾ?"

ಅವನ ಕಿವಿ ಕೆಂಪಾಯಿತು. ಅವಳು ಹಾಳೆಯ ಮೇಲೆ ಬಗ್ಗಿದಳು. ಅವನ ಬೆನ್ನು, ಬೆನ್ನ ಮೇಲೆ ಎರಡು ಬೂಟು. ಬಂಡೆಯ ಮೇಲಿನ ಅವನ ಕೈ. ಹಬೆಯೊಳಗೆ ಅರ್ಧ ಕಂಡ ಕನ್ನಡಕ. ತೆಗೆಯುವಾಗ ಬೆಟ್ಟವನ್ನೇ ನೋಡುತ್ತಿದ್ದೇನೆ ಎಂದುಕೊಂಡಿದ್ದಳು.

"ಇನ್ನೊಂದಿದೆ" ಎಂದು ಅವನು ದನಿ ಇಳಿಸಿ ಒಂದು ಲಕೋಟೆ ತೆಗೆದ. "ಆ ಮೂವತ್ತರದ್ದು. ಎಷ್ಟು ಬೆಳಕು ಕೊಟ್ಟು ಪ್ರಿಂಟ್ ಹಾಕಿದ್ರೂ ಬಿಳಿನೇ. ಕ್ಷಮಿಸಿ. ಮೇಲಾಗಿ ಕೆಳಗೆ ಮೂಲೇಲಿ ಒಂದು ಕಲೆ ಉಳಿದಿದೆ. ತೊಳೆಯೋದ್ರಲ್ಲಿ ಏನೋ ಎಡವಟ್ಟು ಮಾಡಿದೆ ಅನ್ಸುತ್ತೆ."

ಅವಳು ಹೊರತೆಗೆದಳು. ಬಿಳಿ ಮಂಜು. ಇಪ್ಪತ್ತೊಂಬತ್ತು ಬೆಳಗು, ಸಂಜೆ, ಅತ್ತೆಯ ತಲೆ, ನಿದ್ದೆ ಹೋದ ಅವಳು, ಕಿಟಕಿ, ಟೀ ಲೋಟ, ಕೊನೆಗೆ ಒಂದು ಸುಟ್ಟ ಮರದ ಅಚ್ಚು, ಎಲ್ಲವೂ ಕರಗಿ ಒಂದೇ ಬಿಳಿ. ಕೆಳಗಿನ ಎಡ ಮೂಲೆಯಲ್ಲಿ ಮಾತ್ರ ಬೆಳಕು ಅಷ್ಟಾಗಿ ತಾಗದ ಒಂದು ದುಂಡನೆಯ ಬೂದು ನೆರಳು.

ಅವಳು ಆ ನೆರಳಿನ ಮೇಲೆ ತನ್ನ ತೋರುಬೆರಳಿಟ್ಟಳು.

"ಕಲೆ ಅಲ್ಲ" ಎಂದಳು. "ಬೆರಳು. ಪ್ರತಿ ಸಲ ಇಲ್ಲೇ ಇಡ್ತಿದ್ರು. ಒಂದೇ ಒಂದು ಸಲಾನೂ ತಪ್ಪಿಸಿಲ್ಲ."

ಆಮೇಲೆ ಅಳು ಬಂತು. ಸದ್ದಿಲ್ಲದೆ, ಬಹಳ ಹೊತ್ತು. ಅವನು ಪಾಸ್‌ಪೋರ್ಟ್ ಸ್ಟೂಲನ್ನು ಅವಳ ಹಿಂದೆ ತಂದಿಟ್ಟ. ಅಂಗಡಿಯ ಬಾಗಿಲಿಗೆ ಹೋಗಿ, ಬಂದ ಯಾರಿಗೋ "ಇವತ್ತು ಫೋಟೋ ಇಲ್ಲ" ಎಂದು ಹೇಳಿ ಕಳಿಸಿದ. ಮರಳಿ ಬಂದು ಕೌಂಟರಿನ ಆಚೆ ನಿಂತ.

*

ಅತ್ತೆ ಆ ಬಿಳಿ ಫೋಟೋವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದರು. ಏನೆಂದು ಯಾರೂ ಹೇಳಬೇಕಾಗಲಿಲ್ಲ. ಹೆಬ್ಬೆರಳಿನಿಂದ ಆ ಮೂಲೆಯನ್ನು ಸವರಿದರು. ಫ್ರಿಜ್ಜಿನ ಮೇಲೆ, ಉಳಿದ ಎಲ್ಲ ಬೆರಳುಗಳ ನಡುವೆ, ಅದನ್ನು ಅಂಟಿಸಿದರು.

ಆಮೇಲೆ ದೊಡ್ಡ ಹಾಳೆಯನ್ನು ಎತ್ತಿಕೊಂಡರು. "ಈ ಉದ್ದನೆಯವನು ಯಾರೇ?"

"ಗೈಡ್. ಕ್ಯಾಮೆರಾ ಅವರದ್ದೇ."

"ಹೂಂ." ಅತ್ತೆ ಹಾಳೆಯನ್ನು ಒಂದು ಸಲ ಹತ್ತಿರ, ಒಂದು ಸಲ ದೂರ ಹಿಡಿದರು. "ಕ್ಯಾಮೆರಾ ವಾಪಸ್ ಕೊಟ್ಟಿಲ್ವಾ ಇನ್ನೂ?"

"ಇಟ್ಕೊಳ್ಳಿ ಅಂದ್ರು."

"ನನ್ನ ಮಗ ತಂದಿದ್ದನ್ನ ವಾಪಸ್ ಕೊಡೋದು ಯಾವತ್ತೂ ಮರೀತಿದ್ದ. ಅವನ ಪರವಾಗಿ ನೀನು ಕೊಟ್ಟುಬಿಡು." ಹಾಳೆಯಿಂದ ಕಣ್ಣೆತ್ತದೆ ಹೇಳಿದರು, "ಅವನದ್ದು ತೀರಿಸಿ ಬಾ. ಆಮೇಲೆ ನಿನಗೆ ಬೇಕಾದ್ರೆ ನೀನೇ ಕೇಳು. ಅದು ಬೇರೆ."

ಅವಳು ಅತ್ತೆಯ ಭುಜದ ಮೇಲೆ ಗಲ್ಲವಿಟ್ಟಳು. ಒರೆಸಿದ ಕೂದಲು ಇನ್ನೂ ತೇವವಾಗಿತ್ತು.

*

ಸೋಮವಾರ ಬೆಳಗ್ಗೆ ಸ್ಟುಡಿಯೋದ ಬಾಗಿಲು ತೆರೆಯುವ ಹೊತ್ತಿಗೆ ಅವಳು ಮೆಟ್ಟಿಲ ಮೇಲಿದ್ದಳು. ಅವನು ಬೀಗದ ಕೈ ಹಿಡಿದು ಬಂದವನು ಅಲ್ಲೇ ನಿಂತ.

"ಐದು" ಎಂದ.

"ಆರು" ಎಂದಳು ಅವಳು.

"ಏನು?"

"ನನ್ನ ಕಾಲು ಆರು. ಅವತ್ತು ಫೋನಲ್ಲಿ ಐದು ಅಂದುಬಿಟ್ಟೆ. ಯಾಕೆ ಅಂತ ಗೊತ್ತಿಲ್ಲ. ಗಂಡನ ಅಳತೆ ಸರಿಯಾಗಿ ಹೇಳಿ ನನ್ನದೇ ತಪ್ಪು ಹೇಳಿದೆ."

ಅವನು ಬಗ್ಗಿ ಅವಳ ಕಾಲು ನೋಡಿದ. "ನಾಲ್ಕು ದಿನ ಕುಂಟ್ತಾ ಇದ್ರಿ. ನಾನು ದುಃಖದಿಂದ ಅಂದ್ಕೊಂಡೆ."

"ಅರ್ಧ ದುಃಖ. ಅರ್ಧ ನಿಮ್ಮ ಬೂಟು."

ಅವನು ನಕ್ಕ. ನಗುತ್ತಲೇ ಬಾಗಿಲು ತೆರೆದು ಕೌಂಟರಿನ ಆಚೆ ಹೋದ. ಅವಳು ಕೊರಳಿನಿಂದ ಕ್ಯಾಮೆರಾ ತೆಗೆದು ಕೌಂಟರಿನ ಮೇಲೆ, ಅವನ ಕಡೆಗೆ ಮುಖ ಮಾಡಿ ಇಟ್ಟಳು. ಪಟ್ಟಿ ಸುತ್ತಿ ಪಕ್ಕದಲ್ಲಿಟ್ಟಳು.

"ನಮ್ಮವರು ತಗೊಂಡಿದ್ದು" ಎಂದಳು. "ತಡವಾಯ್ತು."

"ಇಟ್ಕೊಳ್ಳಿ ಅಂದಿದ್ದೆ."

"ಇದು ಅವರ ಲೆಕ್ಕ. ಅದು ಮುಗೀಲಿ." ಅವಳು ಅವನನ್ನು ನೇರವಾಗಿ ನೋಡಿದಳು. "ಮುಂದಿನ ಟ್ರಿಪ್ಪು ಯಾವಾಗ?"

"ಇನ್ನೂ ಎರಡು ತಿಂಗಳಿದೆ." ಅವನ ಕೈ ಕ್ಯಾಮೆರಾದ ಮೇಲಿತ್ತು. "ಅಷ್ಟು ದಿನ ಕಾಯೋದು ನನಗೆ ಕಷ್ಟ."

"ಕಾಯಿರಿ ಅಂತ ನಾನು ಹೇಳಿದ್ನಾ? ಅದರೊಳಗೆ ಹೊಸ ರೀಲು ಹಾಕಿದ್ದೀನಿ. ಮೂವತ್ತಾರೂ ಖಾಲಿ."

"ತುದಿ?"

"ಮಡಚಿದ್ದೀನಿ. ನನ್ನ ಬೆರಳಷ್ಟು."

ಅವನು ಕನ್ನಡಕ ಮೇಲೆ ಸರಿಸಿಕೊಂಡ. ಕ್ಯಾಮೆರಾ ಎತ್ತಿ, ಬೆಳಗಿನ ಬಿಸಿಲು ಬಿದ್ದಿದ್ದ ಅವಳ ಮುಖಕ್ಕೆ ಹಿಡಿದು, ಒತ್ತಿದ. ಹೆಬ್ಬೆರಳಿನಿಂದ ರೀಲನ್ನು ಮುಂದಕ್ಕೆ ತಳ್ಳಿದ.

ಅವಳು ಅವನ ಕಣ್ಣನ್ನು ನೋಡಲಿಲ್ಲ. ಕ್ಯಾಮೆರಾದ ಎಡಗಡೆ ನೋಡಿದಳು. ಪುಟ್ಟ ನಾಬ್ ಮೆಲ್ಲಗೆ ಸುತ್ತಿತು.